ಅಂಕ ಕೆಟ್ಟವನ ಕೈಗೆ ಯಾವ ಕಾರ್ಡು?



ಹಿಂದೆ ಸಾಲ ವಸೂಲಿಗೆ ಬರುವವನು ಕಣ್ಣಿಗೆ ಕಾಣುತ್ತಿದ್ದ. ಜೀಪಿನಲ್ಲಿ ಬರುತ್ತಿದ್ದ. ಊರ ಹೊರಗೆ ಧೂಳೆದ್ದರೆ ಸಾಕು, ‘ಅಮೀನ ಬಂದ’ ಅಂತ ಹುಡುಗರು ಕೂಗು ಹಾಕುತ್ತಿದ್ದರು. ಮನೆಯ ಹಂಡೆ, ಕದ, ಪಂಪ್‌ಸೆಟ್ಟು, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗುತ್ತಿದ್ದರು. 1980ರ ದಶಕದಲ್ಲಿ ನಾನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗ. ಆಗ ನಮ್ಮ ಹಿರಿಯರು ಊರ ಮುಂದೆ ಬೋರ್ಡು ನೆಟ್ಟರು. ಅಪ್ಪಣೆಯಿಲ್ಲದೆ ವಸೂಲಿಯವರು ಊರೊಳಗೆ ಕಾಲಿಡಬಾರದು ಅಂದರು. ಜಪ್ತಿಯಾದ ಸಾಮಾನನ್ನು ಗುಂಪಾಗಿ ಹೋಗಿ ಮರುಜಪ್ತಿ ಮಾಡಿ ತಂದರು.

ಇವತ್ತು ಬರುವವನು ಕಣ್ಣಿಗೆ ಕಾಣೋದಿಲ್ಲ. ಜೀಪಿಲ್ಲ, ಧೂಳಿಲ್ಲ, ಅಮೀನನಿಲ್ಲ. ಎಲ್ಲೋ ಮುಂಬಯಿಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಮೂರು ಅಂಕಿ ಬರೆದಿರುತ್ತಾರೆ, ಅಷ್ಟೇ. ಆ ಅಂಕಿ ಕಡಿಮೆಯಾದರೆ ನಿಮ್ಮ ಮನೆಯಿಂದ ಯಾರೂ ಏನನ್ನೂ ಹೊತ್ತುಕೊಂಡು ಹೋಗುವುದಿಲ್ಲ. ನೀವು ಹೋದ ಕಡೆಯಲ್ಲೆಲ್ಲ ಬಾಗಿಲು ಮುಚ್ಚುತ್ತದೆ. ಬೋರ್ಡು ನೆಟ್ಟು ತಡೆಯೋಣ ಅಂದರೆ ಎಲ್ಲಿ ನೆಡೋದು?

ಈ ಮಾತು ಈಗ ಎತ್ತಲು ಕಾರಣವಿದೆ. ಸಂಘದ ಸಭೆಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ನಮ್ಮ ಸಿಬಿಲ್ ಕೆಟ್ಟಿದೆ. ಕ್ರೆಡಿಟ್ ಕಾರ್ಡು ಮಾಡಿಸಿದರೆ ಸರಿ ಹೋಗುತ್ತೆ ಅಂತಾರೆ. ಮಾಡಿಸೋದಾ? ಮಾಡಿಸಿದರೆ ಯಾವುದು?’ ಬೆಲೆ ಮತ್ತು ಬಾಕಿಯ ಮಾತಾಡುವ ಪತ್ರಿಕೆಗೆ ಪೇಟೆಯವರ ಕಾರ್ಡಿನ ಗೊಡವೆ ಯಾಕೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಕಾರ್ಡು ಮಾರುವವನು ಈಗ ಪೇಟೆಯಲ್ಲೇ ಕೂತಿಲ್ಲ. ಟ್ರ್ಯಾಕ್ಟರ್ ಶೋರೂಮಿನಲ್ಲಿದ್ದಾನೆ, ಪೆಟ್ರೋಲ್ ಬಂಕಿನಲ್ಲಿದ್ದಾನೆ, ನಿಮ್ಮ ಮಗನ ಮೊಬೈಲಿನಲ್ಲಿದ್ದಾನೆ. ನಾವು ಮಾತಾಡದೆ ಸುಮ್ಮನಿದ್ದರೆ ಅವನೊಬ್ಬನೇ ಮಾತಾಡುತ್ತಾನೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಉಪದೇಶ ಮಾಡುವವನು ತನ್ನ ಎಲೆ ತೋರಿಸಬೇಕು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ನಮ್ಮದೂ ಅದರಲ್ಲಿ ಸೇರಿತ್ತು. ನಾಲ್ಕು ಎಕರೆ ಶೇಂಗಾ ಹಾಕಿದ್ದೆ. ಮೇಲೆ ಬಳ್ಳಿ, ಕಿತ್ತು ನೋಡಿದರೆ ಕೆಳಗೆ ಕಾಯಿಲ್ಲ. ಕಿಸಾನ್ ಕಾರ್ಡಿನ 1 ಲಕ್ಷ 60 ಸಾವಿರ ವಾಯಿದೆಗೆ ಕಟ್ಟಲಾಗಲಿಲ್ಲ. ಮರುವರ್ಷ ಮಳೆ ಬಂತು, ಬೇಡದ ಹೊತ್ತಿಗೆ ಬಂತು, ಈರುಳ್ಳಿ ಹೊಲದಲ್ಲೇ ಕೊಳೆಯಿತು. ವಾಯಿದೆ ದಾಟಿ ಎರಡು ಹಂಗಾಮು ಆಯಿತು, ಬ್ಯಾಂಕಿನವರು ಲೆಕ್ಕವನ್ನು ಎನ್‌ಪಿಎ ಅಂದರು. 2025ರ ಬೇಸಿಗೆಯಲ್ಲಿ ಜೋಡೆತ್ತು ಮಾರಿ, ಮನೆಯಾಕೆಯ ಸರ ಮಾರಿ, ಬಡ್ಡಿ ಸಮೇತ ಪೂರ್ತಿ ಕಟ್ಟಿದೆ. ಇನ್ನು ತೀರಿತು ಅಂದುಕೊಂಡೆ.

ತೀರಿರಲಿಲ್ಲ. ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಇನ್ನೊಂದು ಬ್ಯಾಂಕಿಗೆ ಹೋದೆ. ಮ್ಯಾನೇಜರು ಕಂಪ್ಯೂಟರ್ ನೋಡಿ, ‘ನಿಮ್ಮದು 618 ಇದೆ ಯಜಮಾನ್ರೇ, ಆಗಲ್ಲ’ ಅಂದರು. ಶಾಲೆಯಲ್ಲಿ ನನಗೆ ಕಡಿಮೆ ನಂಬರು ಬಂದದ್ದು ಎಷ್ಟೋ ಸಲ. ಮಗಳ ಎದುರಿಗೆ ಬಂದದ್ದು ಅದೇ ಮೊದಲು. ಆ ವರ್ಷದ ಫೀಸನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದು ಕಟ್ಟಿದೆ. ಅಂಕ ಕೆಟ್ಟರೆ ಮಾನ ಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ಬಡ್ಡಿ ಮೂರು ಪಟ್ಟು ಆಗುತ್ತೆ ಅಂತ ಹೇಳುತ್ತಿದ್ದೇನೆ.

ಈ ಅಂಕವನ್ನು ಬರೆಯುವವರು ಯಾರು? ಸರ್ಕಾರದವರಲ್ಲ. ಕಂಪನಿಯವರು. 2005ರಲ್ಲಿ ಸಂಸತ್ತು ಮಾಡಿದ ಕಾಯಿದೆಯ ಕೆಳಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಮೊದಲು ಹುಟ್ಟಿದ್ದು ಸಿಬಿಲ್, 2000ದಲ್ಲಿ. ಅದಕ್ಕೇ ಎಲ್ಲಕ್ಕೂ ಸಿಬಿಲ್ ಅಂತಲೇ ಹೆಸರು ನಿಂತಿದೆ. ಅಂಕ 300ರಿಂದ 900ರವರೆಗೆ. 750 ದಾಟಿದವನಿಗೆ ಕುರ್ಚಿ ಕೊಡುತ್ತಾರೆ. 600ರಿಂದ 700ರ ನಡುವೆ ಇರುವವನನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಪೂರ್ತಿ ಕೆಟ್ಟಿಲ್ಲ, ಪೂರ್ತಿ ನೆಟ್ಟಗೂ ಇಲ್ಲ ಅನ್ನುವ ಈ ನಡುವಿನವರೇ ನಮ್ಮಲ್ಲಿ ಬಹಳ. ಈ ಲೇಖನ ಅವರಿಗಾಗಿ.

ಅಂಕ ಯಾವುದರಿಂದ ಏರುತ್ತೆ, ಯಾವುದರಿಂದ ಇಳಿಯುತ್ತೆ? ದೊಡ್ಡ ವಿದ್ಯೆಯೇನಲ್ಲ. ಹೇಳಿದ ದಿನಕ್ಕೆ ಕಟ್ಟಿದಿರೋ ಇಲ್ಲವೋ, ಇದು ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. ಕೊಟ್ಟ ಮಿತಿಯಲ್ಲಿ ಎಷ್ಟು ಪಾಲು ಬಳಸಿಕೊಂಡು ಕೂತಿದ್ದೀರಿ, ಇದು ಎರಡನೆಯದು. ನಿಮ್ಮ ಲೆಕ್ಕ ಎಷ್ಟು ಹಳೆಯದು, ಮೂರನೆಯದು. ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿ ಅಲೆದಿದ್ದೀರಿ, ನಾಲ್ಕನೆಯದು. ಹತ್ತು ಕಡೆ ಅರ್ಜಿ ಹಾಕಿದರೆ ಹತ್ತು ಸಲ ನಿಮ್ಮ ಲೆಕ್ಕ ತೆರೆದು ನೋಡಿದ ಗುರುತು ಬೀಳುತ್ತದೆ. ಇವನಿಗೆ ಬಹಳ ಹಣದ ಮುಗ್ಗಟ್ಟು ಇರಬೇಕು ಅಂತ ಹನ್ನೊಂದನೆಯವನೂ ಹಿಂದೆ ಸರಿಯುತ್ತಾನೆ. ಇನ್ನೊಂದು ಮಾತು ಮರೆಯಬೇಡಿ. ಬೇರೆಯವರ ಸಾಲಕ್ಕೆ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿ ಕಾಣುತ್ತದೆ. ಅವನು ಕಟ್ಟದಿದ್ದರೆ ನಿಮಗೂ ಏಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

ಈಗ ಕಾರ್ಡಿನ ವಿಷಯ. ನಮ್ಮ ಬಾಯಲ್ಲಿ ಕಾರ್ಡು ಅಂದರೆ ಕಿಸಾನ್ ಕ್ರೆಡಿಟ್ ಕಾರ್ಡು. ಅದು 1998ರಲ್ಲಿ ಬಂದ ಯೋಜನೆ. ಹೆಸರು ಕಾರ್ಡು, ಒಳಗೆ ಬೆಳೆಸಾಲ. 3 ಲಕ್ಷದವರೆಗೆ ಶೇಕಡಾ 7ರ ಬಡ್ಡಿ, ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಶೇಕಡಾ 4 ಬೀಳುತ್ತದೆ. ಸೊಸೈಟಿಯಲ್ಲಾದರೆ ವಾಯಿದೆಗೆ ಕಟ್ಟುವವರಿಗೆ ಶೂನ್ಯ ಬಡ್ಡಿ. ಅದರ ಮಿತಿಯನ್ನು 2023ರಲ್ಲಿ ರಾಜ್ಯ ಸರ್ಕಾರ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಶೋರೂಮಿನವನು ಕೊಡುವ ಕ್ರೆಡಿಟ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಬಡ್ಡಿಯನ್ನು ಹೆಚ್ಚಾಗಿ ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಮೂರರಿಂದ ಮೂರೂಮುಕ್ಕಾಲು. ನಮ್ಮೂರ ಕೈಸಾಲದವನು ಮೂರು ತಗೊಂಡರೆ ಅವನನ್ನು ರಕ್ತ ಹೀರುವವನು ಅಂತೀವಿ. ಮೂರೂವರೆ ತಗೊಳ್ಳುವವನು ಟೈ ಕಟ್ಟಿಕೊಂಡಿದ್ದರೆ ‘ಸಾರ್’ ಅಂತೀವಿ. ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಆದ್ದರಿಂದ ಕೋರ್ಟು ಕಾಯುತ್ತದೆ ಅಂತ ನಂಬಿ ಕೂರಬೇಡಿ. ನಿಮ್ಮ ಲೆಕ್ಕ ನೀವೇ ಕಾಯಬೇಕು.

ಹಾಗಾದರೆ ಕಾರ್ಡಿನಿಂದ ಅಂಕ ಏರುತ್ತೆ ಅನ್ನೋದು ಸುಳ್ಳೇ? ಸುಳ್ಳಲ್ಲ. ಬೆಳೆಸಾಲವನ್ನು ನಾವು ಕಟ್ಟುವುದು ವರ್ಷಕ್ಕೆ ಒಂದು ಸಲ. ನಾನು ಮಾತಿಗೆ ತಪ್ಪುವವನಲ್ಲ ಅಂತ ತೋರಿಸಲು ವರ್ಷಕ್ಕೆ ಒಂದೇ ಅವಕಾಶ. ಕಾರ್ಡಿನಲ್ಲಿ ತಿಂಗಳಿಗೊಂದು ಬಿಲ್ಲು, ವರ್ಷಕ್ಕೆ ಹನ್ನೆರಡು ಅವಕಾಶ. ಹನ್ನೆರಡು ಸಲ ಸರಿಯಾಗಿ ಕಟ್ಟಿದರೆ ಹನ್ನೆರಡು ಒಳ್ಳೆಯ ಗುರುತು. ಹನ್ನೆರಡು ಸಲ ತಪ್ಪಿದರೆ ಹನ್ನೆರಡು ಕೆಟ್ಟ ಗುರುತು.

ಇಲ್ಲೇ ಇರುವುದು ರೈತನ ಪೇಚು. ಕಾರ್ಡು ಮಾಡಿದವನು ತಿಂಗಳ ಸಂಬಳದವನನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ. ಅವನಿಗೆ ಒಂದನೇ ತಾರೀಕು ಸಂಬಳ, ಹತ್ತನೇ ತಾರೀಕು ಬಿಲ್ಲು. ನಮಗೆ ಬೆಳೆ ಬರುವುದು ಆರು ತಿಂಗಳಿಗೊಮ್ಮೆ, ಅದೂ ಬಂದರೆ. ರೇಟು ಸಿಗುವುದು ದೇವರ ದಯೆ. ಆರು ತಿಂಗಳಿಗೆ ಬರುವ ಹಣದ ಮೇಲೆ ತಿಂಗಳಿಗೆ ಬರುವ ಬಿಲ್ಲನ್ನು ಕೂರಿಸಿದರೆ ಒಂದಲ್ಲ ಒಂದು ತಿಂಗಳು ತಪ್ಪಿಯೇ ತಪ್ಪುತ್ತದೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡಿ ಅಂದರೆ ಇದನ್ನು ನೆನಪಿಡಿ: ಬೆಳೆಯ ದುಡ್ಡನ್ನು ನಂಬಿ ಕಾರ್ಡು ತೆಗೆಯಬೇಡಿ. ಹಾಲಿನ ದುಡ್ಡನ್ನು ನಂಬಿ ತೆಗೆಯಿರಿ.

ನಮ್ಮ ಪಕ್ಕದ ಹಳ್ಳಿಯ ಹುಡುಗನೊಬ್ಬ ಇದನ್ನು ಮರೆತ. ಹೆಸರು ಬೇಡ. ಪೇಟೆಯಲ್ಲಿ ಒಂದಿಷ್ಟು ದಿನ ಕೆಲಸಕ್ಕಿದ್ದಾಗ ಕಾರ್ಡು ಮಾಡಿಸಿದ್ದ, ಲಕ್ಷ ರೂಪಾಯಿ ಮಿತಿ. ಊರಿಗೆ ವಾಪಸು ಬಂದು ಬೋರು ಕೊರೆಸಲು ಅದರಿಂದ 40 ಸಾವಿರ ನಗದು ತೆಗೆದ. ಕಾರ್ಡಿನಿಂದ ಸಾಮಾನು ಕೊಂಡರೆ ಬಿಲ್ಲಿನ ದಿನದವರೆಗೆ ಬಡ್ಡಿಯಿಲ್ಲ, ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ. ತೆಗೆದ ಕೂಲಿ ಬೇರೆ, ಶೇಕಡಾ ಎರಡೂವರೆಯಂತೆ 1,000 ರೂಪಾಯಿ. ತಿಂಗಳಿಗೆ ಮೂರೂವರೆಯಂತೆ ಬಡ್ಡಿ 1,400, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 252. ತಿಂಗಳಾದರೆ 1,652 ರೂಪಾಯಿ ಬರೀ ಬಡ್ಡಿಯ ಬಾಬ್ತು. ಬೋರಿನಲ್ಲಿ ಧೂಳು ಬಂತು. ಈಗ ಅವನು ಫೋನು ಎತ್ತುವುದಿಲ್ಲ. ಅವನಪ್ಪ ನನ್ನ ಹತ್ತಿರ ಬಂದು, ‘ಅಣ್ಣಾ, ಆ ಕಾರ್ಡು ಕತ್ತರಿಸಿ ಒಲೆಗೆ ಹಾಕಿದೀನಿ, ಇನ್ನೇನೂ ತೊಂದರೆಯಿಲ್ಲ ಅಲ್ವಾ?’ ಅಂದ. ಪ್ಲಾಸ್ಟಿಕ್ಕು ಸುಟ್ಟರೆ ಸಾಲ ಸುಡುವುದಿಲ್ಲ ಅಂತ ಆ ಮುಖ ನೋಡಿಕೊಂಡು ಹೇಗೆ ಹೇಳೋದು?

ಇನ್ನೊಂದು ಬೋನು ‘ಕನಿಷ್ಠ ಬಾಕಿ’. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತದೆ. ಪೂರ್ತಿ ಬಾಕಿ 20,000, ಕನಿಷ್ಠ ಬಾಕಿ 1,000 ಅಂತಿರುತ್ತೆ. ಸಾವಿರ ಕಟ್ಟಿದರೆ ಸಾಕಲ್ಲ ಅಂತ ಕಟ್ಟುತ್ತೇವೆ. 20 ಸಾವಿರಕ್ಕೆ ಮೂರೂವರೆಯಂತೆ ಬಡ್ಡಿ 700, ಜಿಎಸ್‌ಟಿ 126, ಒಟ್ಟು 826. ನೀವು ಕಟ್ಟಿದ ಸಾವಿರದಲ್ಲಿ ಅಸಲಿಗೆ ಹೋದದ್ದು 174 ರೂಪಾಯಿ. ಉಳಿದ ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಸಾಮಾನಿಗೂ ಆ ದಿನದಿಂದಲೇ ಬಡ್ಡಿ ಶುರು. ಕನಿಷ್ಠ ಕಟ್ಟಿದರೆ ತಪ್ಪಿದ ಗುರುತು ಬೀಳುವುದಿಲ್ಲ, ನಿಜ. ಆದರೆ ಸಾಲ ಬಾವಿಯ ಹೂಳಿನ ಹಾಗೆ ಒಳಗೇ ಕೂರುತ್ತದೆ.

ಇಷ್ಟು ಹೆದರಿಸಿದ ಮೇಲೂ ಕಾರ್ಡು ಬೇಕು ಅನ್ನುವವರಿಗೆ, ಯಾವುದನ್ನು ಆರಿಸಬೇಕು ಅಂತ ಹೇಳುತ್ತೇನೆ. ನಾನು ಆರಿಸಿದ್ದೂ ಇದನ್ನೇ.

ಠೇವಣಿಯ ಮೇಲೆ ಕೊಡುವ ಕಾರ್ಡು. ಬ್ಯಾಂಕಿನಲ್ಲಿ ನೀವು 20 ಸಾವಿರ ಫಿಕ್ಸೆಡ್ ಡಿಪಾಜಿಟ್ ಇಟ್ಟರೆ, ಅದನ್ನೇ ಅಡವಾಗಿ ಹಿಡಿದು ಅದರ ಮುಕ್ಕಾಲು ಪಾಲೋ, ಎಂಬತ್ತು ತೊಂಬತ್ತು ಭಾಗವೋ ಮಿತಿಯ ಕಾರ್ಡು ಕೊಡುತ್ತಾರೆ. ಠೇವಣಿಗೆ ಅದರ ಬಡ್ಡಿ ಬರುತ್ತಲೇ ಇರುತ್ತದೆ. ಬ್ಯಾಂಕಿನವನಿಗೆ ಭಯವಿಲ್ಲದ ಕಾರಣ ಅಂಕ ಕಡಿಮೆ ಇದ್ದವನಿಗೂ ಸಾಮಾನ್ಯವಾಗಿ ಸಿಗುತ್ತದೆ. ಕೇಳಿ ಇಲ್ಲ ಅನ್ನಿಸಿಕೊಂಡು ಇನ್ನೊಂದು ಗುರುತು ಬೀಳಿಸಿಕೊಳ್ಳುವ ಸಂಭವ ಕಡಿಮೆ. ಮಿತಿ ಚಿಕ್ಕದಾದ್ದರಿಂದ ಬಿದ್ದರೂ ಮೊಣಕಾಲುದ್ದದ ಗುಂಡಿ, ಬಾವಿಯಲ್ಲ. ಕಟ್ಟದಿದ್ದರೆ ಠೇವಣಿ ಮುರಿದುಕೊಳ್ಳುತ್ತಾರೆ ಅನ್ನುವುದು ನೆನಪಿರಲಿ. ಆದ್ದರಿಂದ ಆ 20 ಸಾವಿರ ಬೀಜ ಗೊಬ್ಬರಕ್ಕೆ ಇಟ್ಟ ದುಡ್ಡಾಗಿರಬಾರದು.

ಸಹಿ ಹಾಕುವ ಮೊದಲು ಕೌಂಟರಿನಲ್ಲೇ ನಿಂತು ಐದು ಪ್ರಶ್ನೆ ಕೇಳಿ. ವಾರ್ಷಿಕ ಶುಲ್ಕ ಎಷ್ಟು, ಮೊದಲ ವರ್ಷಕ್ಕೆ ಮಾತ್ರ ಮಾಫಿಯೋ ಯಾವಾಗಲೂ ಇಲ್ಲವೋ? ತಿಂಗಳ ಬಡ್ಡಿ ಎಷ್ಟು? ತಡವಾದರೆ ದಂಡ ಎಷ್ಟು? ಲೆಕ್ಕವನ್ನು ಅಂಕದ ಕಂಪನಿಗಳಿಗೆ ಕಳಿಸುತ್ತೀರಾ? ಬಿಲ್ಲಿನ ದಿನ ಬದಲಾಯಿಸಿ ಕೊಡುತ್ತೀರಾ? ಕೊನೆಯ ಪ್ರಶ್ನೆ ನಮಗೆ ಮುಖ್ಯ. ಬಿಲ್ಲಿನ ಸುತ್ತನ್ನು ಒಂದು ಸಲವಾದರೂ ಬದಲಾಯಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕಿನ ನಿಯಮ ಕೊಟ್ಟಿದೆ. ನಿಮ್ಮ ಡೈರಿಯ ಬಟವಾಡೆ ಯಾವ ತಾರೀಕಿಗೆ ಖಾತೆಗೆ ಬೀಳುತ್ತದೋ ಅದರ ನಾಲ್ಕು ದಿನ ಆಚೆಗೆ ಬಿಲ್ಲು ಕಟ್ಟುವ ದಿನ ಬರುವ ಹಾಗೆ ಮಾಡಿಸಿಕೊಳ್ಳಿ.

ವಿಮಾನದ ಪಾಯಿಂಟು, ಸಿನಿಮಾ ಟಿಕೇಟು, ಹೋಟೆಲಿನ ರಿಯಾಯಿತಿ ಅಂತ ಆಸೆ ತೋರಿಸುವ ಕಾರ್ಡು ನಮಗೆ ಬೇಡ. ಅಂಕ ರಿಪೇರಿಗೆ ಬೇಕಾದ್ದು ಗೂಟ, ಗೋಪುರವಲ್ಲ.

ಬಳಸುವುದು ಹೇಗೆ? ಹೇಗಿದ್ದರೂ ತಿಂಗಳೂ ಕೊಳ್ಳುವ ಒಂದೇ ಒಂದು ಸಾಮಾನಿಗೆ ಬಳಸಿ. ನಾನು ಹಸುವಿನ ಹಿಂಡಿಗೆ ಮಾತ್ರ ಬಳಸುತ್ತೇನೆ. 16 ಸಾವಿರದ ಮಿತಿ ಇದ್ದರೂ ತಿಂಗಳಿಗೆ ಮೂರು ಸಾವಿರ, ಹೆಚ್ಚೆಂದರೆ ನಾಲ್ಕು ಸಾವಿರ ದಾಟುವುದಿಲ್ಲ. ಮಿತಿಯ ಮೂರನೇ ಒಂದು ಪಾಲಿನ ಒಳಗಿದ್ದರೆ ಅಂಕಕ್ಕೆ ಒಳ್ಳೆಯದು. ಹಾಲಿನ ದುಡ್ಡು ಬೀಳುವ ಖಾತೆಯಿಂದ ಬಿಲ್ಲು ತಾನಾಗಿಯೇ ಕಡಿತವಾಗುವ ಹಾಗೆ ಬರೆದುಕೊಟ್ಟಿದ್ದೇನೆ. ಬರೆದುಕೊಡುವಾಗ ಅರ್ಜಿಯಲ್ಲಿ ‘ಪೂರ್ತಿ ಬಾಕಿ’ ಅನ್ನುವುದಕ್ಕೆ ಗುರುತು ಹಾಕಿಸಿ. ಕೆಲವು ಕಡೆ ಅವರಾಗಿಯೇ ‘ಕನಿಷ್ಠ ಬಾಕಿ’ಗೆ ಹಾಕಿಬಿಡುತ್ತಾರೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೂ ಜೋಡಿಸಬಹುದು ಅಂತಾಗಿದೆ. ಅನುಕೂಲವೇ, ಆದರೆ ಬೀಡಾ ಅಂಗಡಿಯಲ್ಲೂ ಸಾಲ ಮಾಡುವ ಅನುಕೂಲ ಅದು. ಅಂಕ ಸರಿಯಾಗುವವರೆಗೆ ಜೋಡಿಸಬೇಡಿ.

ನನ್ನದು ಎಂಟು ತಿಂಗಳ ಬಿಲ್ಲು ಆಯಿತು. 618 ಇದ್ದದ್ದು 664 ಆಗಿದೆ. ಕುಣಿದಾಡುವಂಥದ್ದೇನಲ್ಲ. ಹಳೆಯ ತಪ್ಪಿನ ಗುರುತು ಹಾಗೇ ಇದೆ, ಇನ್ನೂ ವರ್ಷಗಟ್ಟಲೆ ಇರುತ್ತದೆ. ಕಂಪನಿಗಳು ಹಳೆಯ ದಾಖಲೆಯನ್ನು ಕನಿಷ್ಠ ಏಳು ವರ್ಷ ಇಡಬೇಕು ಅಂತ ನಿಯಮವೇ ಇದೆ. ಆದರೆ ಹೊಸ ಒಳ್ಳೆಯ ಗುರುತುಗಳು ಸೇರಿದ ಹಾಗೆ ಹಳೆಯದರ ಭಾರ ಇಳಿಯುತ್ತದೆ. ಐದು ಸಾವಿರ ಕೊಡಿ, ತಿಂಗಳಲ್ಲಿ 800 ಮಾಡಿಸಿಕೊಡ್ತೀನಿ ಅನ್ನುವ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. ನಿಜವಾದ ಬಾಕಿಯನ್ನು ಯಾವ ದಲ್ಲಾಳಿಯೂ ಅಳಿಸಲಾರ. ಅವನಿಗೆ ಒಟಿಪಿ ಹೇಳಿದರೆ ನಿಮ್ಮ ಖಾತೆಯನ್ನು ಅಳಿಸಬಲ್ಲ.

ಕಾರ್ಡೇ ಬೇಡದವರು ಯಾರು? ಬೆಳೆಸಾಲ ಈಗಲೂ ಬಾಕಿ ಇರುವವರಿಗೆ ಬೇಡ. ಠೇವಣಿಗೆ ಇಡುವ ದುಡ್ಡನ್ನು ಮೊದಲು ಅಲ್ಲಿಗೆ ಕಟ್ಟಿ. ತಿಂಗಳ ಆದಾಯ ಹಾಲಿನಿಂದಾಗಲಿ, ಬಾಡಿಗೆಯಿಂದಾಗಲಿ, ಮಗನ ಸಂಬಳದಿಂದಾಗಲಿ ಬಾರದವರಿಗೆ ಬೇಡ. ಕಿಸಾನ್ ಕಾರ್ಡನ್ನು ವರ್ಷವರ್ಷವೂ ವಾಯಿದೆಗೆ ಕಟ್ಟಿ ಹೊಸದು ಮಾಡಿಸುತ್ತಿರುವವರಿಗೂ ಬೇಡ. ಅದೇ ನಿಮ್ಮ ಒಳ್ಳೆಯ ಗುರುತು. ಒಡವೆ ಸಾಲ ತಗೊಂಡು ಹೇಳಿದ ದಿನಕ್ಕೆ ಬಿಡಿಸಿಕೊಂಡರೂ ವರದಿಯಲ್ಲಿ ಒಳ್ಳೆಯದೇ ಬರೆಯುತ್ತಾರೆ. ನೀವು ಕೇಳದೆ ಯಾರಾದರೂ ಕಾರ್ಡು ಕಳಿಸಿದರೆ ಬಳಸಬೇಡಿ, ಒಟಿಪಿ ಕೊಡಬೇಡಿ. ಕೇಳದ ಕಾರ್ಡು ಕಳಿಸಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬೇಡವಾದ ಕಾರ್ಡನ್ನು, ಬಾಕಿ ಕಟ್ಟಿದ್ದರೆ, ಅರ್ಜಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಕಾಸಿಲ್ಲದ ಕೆಲಸ. ನಿಮ್ಮ ವರದಿ ತರಿಸಿ ನೋಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ, ಹೆದರಬೇಡಿ. ಕಟ್ಟಿದ ಸಾಲ ಕಟ್ಟಿಲ್ಲ ಅಂತಿರಬಹುದು. ನಿಮ್ಮದಲ್ಲದ ಸಾಲ ನಿಮ್ಮ ಹೆಸರಿಗೆ ಕೂತಿರಬಹುದು. ನನ್ನ ವರದಿಯಲ್ಲಿ ಎಂದೋ ತೀರಿಸಿದ ಪೈಪ್‌ಲೈನ್ ಸಾಲ ಇನ್ನೂ ಬಾಕಿ ಅಂತಲೇ ಇತ್ತು. 2018ರ ಸಾಲಮನ್ನಾದಲ್ಲಿ ಹೆಸರು ಬಂದವರೂ ತಮ್ಮ ಲೆಕ್ಕ ಹೇಗೆ ಮುಚ್ಚಿದೆ ಅಂತ ನೋಡಿಕೊಳ್ಳಲಿ. ಒಂದೇ ಕಂತಿನ ತೀರುವಳಿಯಲ್ಲಿ ರಿಯಾಯಿತಿ ಪಡೆದು ಮುಗಿಸಿದವರ ಲೆಕ್ಕ ‘ಮುಚ್ಚಿದೆ’ ಅಂತಿರುವುದಿಲ್ಲ, ‘ಸೆಟಲ್ಡ್’ ಅಂತಿರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಅದರ ಅರ್ಥ ‘ಪೂರ್ತಿ ಕಟ್ಟಿಲ್ಲ’ ಅಂತ. ಮುಂದೆ ಕೈಲಾದಾಗ ಉಳಿದದ್ದನ್ನೂ ಕಟ್ಟಿ ಬಾಕಿಯಿಲ್ಲದ ಪತ್ರ ತಗೊಂಡು ತಿದ್ದಿಸಬಹುದು.

ತಪ್ಪು ಕಂಡರೆ ಬ್ಯಾಂಕಿಗೂ ಅಂಕದ ಕಂಪನಿಗೂ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಪುಕ್ಕಟೆ ದೂರು ಕೊಡಬಹುದು. ಮಕ್ಕಳ ಓದಿನ ಸಾಲವನ್ನು ಅಂಕ ಕಡಿಮೆ ಎಂಬ ಒಂದೇ ನೆಪದಿಂದ ತಳ್ಳಿಹಾಕಬಾರದು ಎಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿದೆ. ಆ ಮ್ಯಾನೇಜರ ಮುಂದೆ ನಿಂತಾಗ ಈ ಮಾತು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ. ಹಾಗೆಯೇ, ಬರ ಘೋಷಣೆಯಾದ ವರ್ಷ ಬೆಳೆಸಾಲವನ್ನು ದೀರ್ಘಾವಧಿ ಸಾಲವಾಗಿ ಬದಲಿಸಿ ಮುಂದೂಡುವ ಅವಕಾಶ ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿದೆ. 2023ರಲ್ಲಿ ನಾನು ವಾಯಿದೆ ಮುಗಿಯುವ ಮೊದಲೇ ಅರ್ಜಿ ಕೊಟ್ಟಿದ್ದರೆ ನನ್ನ ಲೆಕ್ಕ ಕೆಡದೆ ಉಳಿಯಬಹುದಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಎರಡನೆಯ ತಪ್ಪು ನನ್ನದು.

ಬಾಂಧವರೇ, ಇಷ್ಟೆಲ್ಲ ಹೇಳಿದ್ದು ನಾವು ತಲೆ ತಗ್ಗಿಸಿ ಒಳ್ಳೆಯ ಹುಡುಗರಾಗಿ ನಂಬರು ತಗೊಳ್ಳೋಣ ಅಂತಲ್ಲ. ಮನೆಯ ಸೂರು ಸೋರುವಾಗ ಮೊದಲು ಹೆಂಚು ಸರಿ ಮಾಡಬೇಕು, ಮಳೆಯ ಮೇಲೆ ಜಗಳ ಆಮೇಲೆ. ಆದರೆ ಜಗಳ ಬಿಡಬಾರದು.

ಈ ಅಂಕಕ್ಕೆ ಬರ ಗೊತ್ತಿಲ್ಲ. ಮಳೆ ಕೈಕೊಟ್ಟವನನ್ನೂ ದುಡ್ಡಿದ್ದು ಕೈಯೆತ್ತಿದವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸರ್ಕಾರವೇ ಬರ ಅಂತ ಘೋಷಿಸಿದ ತಾಲ್ಲೂಕಿನಲ್ಲಿ ಆ ವರ್ಷದ ಬಾಕಿಯನ್ನು ರೈತನ ಲೆಕ್ಕಕ್ಕೆ ಕೆಟ್ಟ ಗುರುತಾಗಿ ಬರೆಯಬಾರದು, ಅರ್ಜಿಗೆ ಕಾಯದೆ ಸಾಲ ಮುಂದೂಡಬೇಕು. ಇದು ನಮ್ಮ ಮೊದಲ ಬೇಡಿಕೆ. ಬೆಳೆಸಾಲಕ್ಕೆ ಭೂಮಿಯ ಪಹಣಿ, ಬೆಳೆಯ ದಾಖಲೆ ನೋಡಲಿ, ಅಂಕ ನೋಡಬಾರದು. ಇದು ಎರಡನೆಯದು. ಮೂರನೆಯದು, ವರದಿ ಕನ್ನಡದಲ್ಲಿ ಬರಬೇಕು. ನನ್ನ ಕೈಗೆ ಬಂದದ್ದು ಇಂಗ್ಲಿಷಿನಲ್ಲಿತ್ತು. ನನ್ನ ಮಾನ ಎಷ್ಟು ಅಂತ ಮಗಳ ಹತ್ತಿರ ಓದಿಸಿಕೊಂಡೆ.

ಇನ್ನೊಂದು ಪ್ರಶ್ನೆ ಕೇಳಿ ಮುಗಿಸುತ್ತೇನೆ. ಕಬ್ಬು ತಗೊಂಡ ಕಾರ್ಖಾನೆ 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಎಷ್ಟು ಸಲ ತಿಂಗಳುಗಟ್ಟಲೆ ತಡ ಮಾಡಿಲ್ಲ? ಆ ಬಡ್ಡಿಯನ್ನು ನಿಮ್ಮಲ್ಲಿ ಎಷ್ಟು ಜನ ಕಂಡಿದ್ದೀರಿ? ಬೆಂಬಲ ಬೆಲೆ ಘೋಷಿಸಿ, ಬೆಳೆ ಮಾರಿ ಮುಗಿದ ಮೇಲೆ ಖರೀದಿ ಕೇಂದ್ರ ತೆರೆಯುವ ಸರ್ಕಾರ ಎಷ್ಟು ಸಲ ವಾಯಿದೆ ತಪ್ಪಿದೆ? ನಾವು ಬ್ಯಾಂಕಿಗೆ ಕಟ್ಟುವುದು ಮೂರು ತಿಂಗಳು ತಡವಾದರೆ ನಮ್ಮ ಅಂಕ ಇಳಿಯುತ್ತದೆ. ನಮಗೆ ಕೊಡಬೇಕಾದವರು ವರ್ಷ ತಡ ಮಾಡಿದರೆ ಯಾರ ಅಂಕ ಇಳಿಯುತ್ತದೆ? ಮತ್ತೆ ನಮ್ಮದೇ! ಅವರ ದುಡ್ಡು ಬರಲಿಲ್ಲ ಅಂತ ತಾನೇ ನಾವು ಕಟ್ಟಲಿಲ್ಲ?

ಆದ್ದರಿಂದ ಮುಂದಿನ ಸಂಘದ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ವರದಿಯ ಪ್ರತಿ ತನ್ನಿ. ಓದಲು ಬರುವ ಮಕ್ಕಳನ್ನೂ ಕರೆತನ್ನಿ. ಜೊತೆಗೆ ಇನ್ನೊಂದು ಚೀಟಿ ಬರೆದು ತನ್ನಿ: ಯಾವ ಕಾರ್ಖಾನೆಯಿಂದ, ಯಾವ ಮಂಡಿಯಿಂದ, ಯಾವ ಇಲಾಖೆಯಿಂದ ನಿಮಗೆ ಎಷ್ಟು ಬರಬೇಕು, ಎಷ್ಟು ದಿನದಿಂದ. ಎರಡನ್ನೂ ಪಕ್ಕದಲ್ಲಿಟ್ಟು ಓದೋಣ. ತಿದ್ದಬೇಕಾದ ತಪ್ಪನ್ನು ತಿದ್ದಿಸೋಣ, ಕಟ್ಟಬೇಕಾದ್ದನ್ನು ಕಟ್ಟೋಣ, ಬರಬೇಕಾದ್ದನ್ನು ಕೇಳೋಣ. ಅವರ ಕಂಪ್ಯೂಟರಿನಲ್ಲಿ ನಮ್ಮ ಲೆಕ್ಕವಿದೆ. ನಮ್ಮ ಪುಸ್ತಕದಲ್ಲಿ ಅವರ ಲೆಕ್ಕವೂ ಇರಲಿ.